ರಾಯಚೂರು ಸೀಮೆಯ ಮರೆತ ಆಟಗಳು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ಕಪ್ಪು ನೆಲದ ಮೇಲೆ, ಯಾರೋ ಒಂದರ ಮೇಲೊಂದು ಪೇರಿಸಿ ಹೊರಟುಹೋದಂತೆ ತೋರುವ ಬಂಡೆಗುಡ್ಡಗಳು. ಇದೇ ರಾಯಚೂರು ದೋಆಬ. ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಬಿಜಾಪುರದ ಆದಿಲಶಾಹಿಗಳೂ ತಲೆತಲಾಂತರ ಕಾದಾಡಿದರು. ಕೊನೆಗೆ ನಿಜಾಮರ ಕೈಸೇರಿದ ಸೀಮೆ, ೧೯೫೬ರ ನವೆಂಬರ್ ೧ರಂದು ಕನ್ನಡಿಗರ ಏಕೀಕೃತ ರಾಜ್ಯದಲ್ಲಿ ಕೂಡಿಕೊಂಡಿತು. ಇಷ್ಟನ್ನು ಶಾಲೆಯ ಪುಸ್ತಕವೇ ಹೇಳುತ್ತದೆ. ಆದರೆ ಕಾಳಗ ನಡೆದ ದಿನಗಳಿಗಿಂತ ನಡೆಯದ ದಿನಗಳೇ ಹೆಚ್ಚಲ್ಲವೆ? ಆ ದೀರ್ಘವಾದ ದಿನಗಳಲ್ಲಿ ಕೋಟೆಯ ಬಾಗಿಲು ಕಾಯುವವನು ಹೊತ್ತು ಹೇಗೆ ಕಳೆದ? ಬೆಳೆ ಬಂದ ಮೇಲೆ ಒಕ್ಕಲಿಗನೂ, ದನ ಮೇಯಲು ಬಿಟ್ಟ ಹುಡುಗನೂ, ಅಡಿಗೆ ಮುಗಿಸಿದ ಗೃಹಿಣಿಯೂ ಬಿಡುವಿನ ಮಧ್ಯಾಹ್ನವನ್ನು ಏನು ಮಾಡಿದರು?

ಅವರು ಆಡಿದರು. ಹುಲಿ-ಕುರಿ, ಸಾಲುಮನೆ, ಅಳಿಗುಳಿ ಮಣೆ, ಚೌಕಾಬಾರ - ಈ ಹೆಸರುಗಳನ್ನು ಕೇಳಿದ ಕೂಡಲೇ ಮನೆಯ ಹಿರಿಯರ ಮುಖದ ಮೇಲೆ ಒಂದು ನಗೆ ಸುಳಿಯುತ್ತದೆ. ಕಿರಿಯರ ಮುಖದ ಮೇಲೆ ಪ್ರಶ್ನೆಯೊಂದು ಮೂಡುತ್ತದೆ. ಆ ನಗೆಗೂ ಈ ಪ್ರಶ್ನೆಗೂ ನಡುವೆ ಒಂದೇ ತಲೆಮಾರಿನ ಅಂತರ. ರಾಯಚೂರು, ದೇವದುರ್ಗ, ಮಾನ್ವಿಗಳನ್ನು ನೋಡಲು ಹೊರಟ ಪ್ರವಾಸಿಯು ಕೋಟೆ-ಗುಡಿಗಳ ಜೊತೆಗೆ ಈ ಆಟಗಳನ್ನೂ ವಿಚಾರಿಸುತ್ತ ಹೋದರೆ, ಅವನ ಪ್ರವಾಸಕ್ಕೆ ಮತ್ತೊಂದು ಅರ್ಥ ಬಂದೀತು.

ಕೋಟೆಯ ಗೋಡೆಯ ಮೇಲಿನ ಗೆರೆಗಳು

ಮುಂಬಯಿಯ ಕಡೆಯಿಂದ ಬಂದ ರೈಲುಹಾದಿಯೂ ಮದರಾಸಿನ ಕಡೆಯಿಂದ ಬಂದ ರೈಲುಹಾದಿಯೂ ೧೮೭೧ರಲ್ಲಿ ಕೈಹಿಡಿದದ್ದು ರಾಯಚೂರಿನಲ್ಲಿ. ಇಂದಿಗೂ ಹೆಚ್ಚಿನ ಪ್ರವಾಸಿಗಳು ಈ ನಗರಕ್ಕೆ ಬರುವುದು ರೈಲಿನಲ್ಲಿಯೇ. ಪೇಟೆಯ ಗದ್ದಲದ ನಡುವೆ ಕೋಟೆಯ ಗೋಡೆ ಥಟ್ಟನೆ ಎದುರಾಗುತ್ತದೆ. ಬೆನ್ನಿಗೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಬಾಲಾಹಿಸಾರ.

ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ ಒಂದು ಕಲ್ಲುಂಟು. ಅದರ ಉದ್ದ ೪೧ ಅಡಿಗೂ ಮಿಗಿಲು. ಇಷ್ಟುದ್ದದ ಒಂದೇ ಕಲ್ಲನ್ನು ಗೋಡೆಗೆ ಏರಿಸಿದವರ ಸಾಹಸಕ್ಕೆ ಬೆರಗಾಗದವರಿಲ್ಲ. ಕಾಕತೀಯರ ಅಧೀನದಲ್ಲಿದ್ದ ಗೋರೆ ಗಂಗಯ್ಯ ರೆಡ್ಡಿಯು ೧೨೯೪ರಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಆ ಕಲ್ಲಿನ ಮೇಲಿನ ಶಾಸನ ಸಾರುತ್ತದೆ. ಶಾಸನದ ಆಚೆ, ಅದೇ ಗೋಡೆಯ ಮೇಲೆ, ಇನ್ನೊಂದು ಸ್ವಾರಸ್ಯವಿದೆ: ಆ ಹೆಬ್ಬಂಡೆಯನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಉದ್ದನೆಯ ಸಾಲು ಎಳೆದು ತರುತ್ತಿರುವ ಚಿತ್ರ. ಉಬ್ಬುಶಿಲ್ಪವಲ್ಲ, ಕಲ್ಲಿನ ಮೇಲೆ ಉಳಿಯಿಂದ ಗೀಚಿದ ಗೆರೆಯ ಚಿತ್ರ.

ಈ ಚಿತ್ರವನ್ನು ನೋಡಿದವರಿಗೆ ಒಂದು ವಿಚಾರ ಹೊಳೆಯದಿರದು. ಅರಸನ ಬಿರುದು ಶಾಸನವಾಯಿತು. ದುಡಿದವರ ಬೆವರು ಗೆರೆಯಾಯಿತು. ಶಾಸನವನ್ನು ಓದಲು ಪಂಡಿತರು ಬಂದರು. ಹೈದರಾಬಾದು ಸಂಸ್ಥಾನದಲ್ಲಿ ೧೯೧೪ರಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಯಿತು. ಮರುವರ್ಷವೇ ಇದೇ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ದೊರೆತು ಜಗತ್ತಿನ ವಿದ್ವಾಂಸರೆಲ್ಲ ಈ ಕಡೆ ತಿರುಗಿ ನೋಡಿದರು. ಅಕ್ಷರಕ್ಕೆ ಸಂದ ಈ ಗೌರವ, ಕನ್ನಡನಾಡಿನ ಕಲ್ಲುಗಳ ಮೇಲೆ ಜನಸಾಮಾನ್ಯರು ಕೊರೆದಿಟ್ಟ ಆಟದ ಮನೆಗಳಿಗೆ ಸಲ್ಲಲಿಲ್ಲ. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಇಂಥ ಮನೆಗಳು ಹಲವಾರಿವೆ. ಸಾವಿರಾರು ಯಾತ್ರಿಕರು ದಿನವೂ ಅವುಗಳ ಮೇಲೆ ಕಾಲಿಟ್ಟು, ಕಂಬದ ಕೆತ್ತನೆಯನ್ನು ನೋಡುತ್ತ ಮುಂದೆ ಸಾಗುತ್ತಾರೆ.

ಮೂರು ಹುಲಿ, ಹದಿನೈದು ಕುರಿ

ಕೋಟೆಯ ನೆರಳಿನಲ್ಲಿ ನೆನೆಯಬೇಕಾದ ಆಟ ಹುಲಿ-ಕುರಿ. ಇದನ್ನೇ ಆಡು-ಹುಲಿ ಎಂದೂ ಕರೆಯುವರು. ಗಡಿಯಾಚೆಯ ತೆಲುಗರಿಗೆ ಇದು ಪುಲಿ-ಮೇಕ. ಮನೆಯ ಆಕಾರ ಗುಡ್ಡದಂತೆ: ಒಂದು ಶಿಖರ, ಅದರಿಂದ ಕೆಳಗಿಳಿಯುವ ಗೆರೆಗಳು, ಅವುಗಳನ್ನು ಅಡ್ಡಡ್ಡ ಹಾಯುವ ಗೆರೆಗಳು. ಗೆರೆಗಳು ಸೇರುವ ೨೩ ಸ್ಥಾನಗಳಲ್ಲಿ ಆಟ ನಡೆಯುತ್ತದೆ. ಒಬ್ಬನ ಕೈಯಲ್ಲಿ ಮೂರು ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಕುರಿ. ಕುರಿಯವನು ಒಂದೊಂದಾಗಿ ತನ್ನ ಕಾಯಿಗಳನ್ನು ಇಡುತ್ತಾನೆ. ಹುಲಿಯು ಪಕ್ಕದ ಕುರಿಯನ್ನು ಹಾರಿ ಆಚೆಯ ಬರಿದಾದ ಸ್ಥಾನಕ್ಕೆ ಹೋದರೆ ಆ ಕುರಿ ಸತ್ತಂತೆ. ಕುರಿಗಳಿಗೆ ಕೊಲ್ಲುವ ಶಕ್ತಿಯಿಲ್ಲ, ಸುತ್ತುವರಿಯುವ ಶಕ್ತಿಯುಂಟು. ಮೂರು ಹುಲಿಗಳೂ ಅಲುಗಾಡದಂತೆ ಸಿಕ್ಕಿಬಿದ್ದರೆ ಕುರಿಗಳು ಗೆದ್ದವು.

ಚದುರಂಗದಲ್ಲಿ ಎರಡು ಸೈನ್ಯಗಳೂ ಸಮಬಲದವು. ಇಲ್ಲಿ ಹಾಗಲ್ಲ. ಒಂದು ಕಡೆ ಬಲ, ಇನ್ನೊಂದು ಕಡೆ ಸಂಖ್ಯೆ. ಒಂದು ಕಡೆ ಹಸಿವು, ಇನ್ನೊಂದು ಕಡೆ ತಾಳ್ಮೆ. ಆರಂಭದಲ್ಲಿ ಒಂದೆರಡು ಕುರಿಗಳನ್ನು ಕಳೆದುಕೊಂಡು ಧೈರ್ಯಗೆಟ್ಟ ಆಟಗಾರನು ಸೋಲುತ್ತಾನೆ; ಕುರಿಯ ಹಿಂದೆ ಕುರಿಯನ್ನಿಟ್ಟು, ಹಾರಲು ಎಡೆಗೊಡದೆ, ಗೆರೆ ಗೆರೆಯಾಗಿ ಮುಂದುವರಿಯುವವನು ಗೆಲ್ಲುತ್ತಾನೆ. ಕೋಟೆಯನ್ನು ಮುತ್ತುವ ಯುದ್ಧದ ತತ್ತ್ವವೂ ಇದೇ. ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನ ಸೈನ್ಯವನ್ನು ಸೋಲಿಸಿ ಇದೇ ರಾಯಚೂರನ್ನು ವಶಪಡಿಸಿಕೊಂಡ ವೃತ್ತಾಂತವನ್ನು ಪೋರ್ಚುಗೀಸ್ ಪ್ರವಾಸಿ ನೂನಿಜ್ ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಆ ಅರಸನಿಗೆ ಚದುರಂಗದ ಗೀಳಿತ್ತೆಂದೂ, ಬೊಡ್ಡುಚೆರ್ಲ ತಿಮ್ಮನ್ನನೆಂಬ ತೆಲುಗು ಕವಿಯು ಆಟದಲ್ಲಿ ಅರಸನನ್ನೇ ಸೋಲಿಸಿ ಒಂದು ಹಳ್ಳಿಯನ್ನು ಉಂಬಳಿಯಾಗಿ ಪಡೆದನೆಂದೂ ಪ್ರತೀತಿಯುಂಟು. ಅರಸರ ಆಟಕ್ಕೆ ಕಥೆಯಿದೆ. ಕಾವಲುಗಾರನ ಆಟಕ್ಕೆ ಕಲ್ಲಿನ ಮೇಲಿನ ಗೆರೆಯಷ್ಟೇ ಉಂಟು, ಅದೂ ಉಳಿದಿದ್ದರೆ.

ಕೋಟೆಯಿಂದ ಹೊರಬಿದ್ದ ಪ್ರವಾಸಿಯು ಒಂದು ಮಿನಾರಿನ ಮಸೀದಿಯನ್ನು ಬಿಡದೆ ನೋಡಬೇಕು. ಬಹಮನಿ ಸುಲ್ತಾನ ಮಹಮೂದಶಾಹನ ಕಾಲದಲ್ಲಿ, ೧೫೧೩ರಲ್ಲಿ ಕಟ್ಟಿದ ಇದರ ಮೂಲೆಯಲ್ಲಿ ಒಂಟಿ ಮಿನಾರು ಸುಮಾರು ೬೫ ಅಡಿ ಎತ್ತರಕ್ಕೆ ನಿಂತಿದೆ. ಕೃಷ್ಣದೇವರಾಯನ ದಂಡು ಬಂದಾಗ ಈ ಮಿನಾರಿಗೆ ಏಳು ವರ್ಷ ಪ್ರಾಯ!

ದೇವದುರ್ಗದ ದಾರಿಯಲ್ಲಿ

ರಾಯಚೂರಿನಿಂದ ದೇವದುರ್ಗದ ಕಡೆಗೆ ಹೊರಟ ಬಸ್ಸು ಹತ್ತಿ, ತೊಗರಿ, ಜೋಳದ ಹೊಲಗಳ ನಡುವೆ ಸಾಗುತ್ತದೆ. ನಡುವೆ ಗಬ್ಬೂರು ಸಿಗುತ್ತದೆ. ಒಂದೇ ಊರಿನಲ್ಲಿ ಇಷ್ಟೊಂದು ಪ್ರಾಚೀನ ದೇವಾಲಯಗಳೂ ಶಾಸನಗಳೂ ಇರುವುದು ಅಪೂರ್ವ. ಊರಿಗೆ ಒಂದು ಕಾಲದಲ್ಲಿದ್ದ ವೈಭವವನ್ನು ಅವು ಇಂದಿಗೂ ಹೇಳುತ್ತಿವೆ. ಮುಂದೆ ದೇವದುರ್ಗ: ಹೆಸರೇ ಸೂಚಿಸುವಂತೆ ದುರ್ಗದ ಊರು, ಹಿಂದೆ ಬೇಡ ನಾಯಕರ ನೆಲೆ. ಇದೇ ತಾಲ್ಲೂಕಿನ ಮೊಸರುಕಲ್ಲು ಗ್ರಾಮವು ಹರಿದಾಸರಲ್ಲಿ ಹೆಸರಾದ ಗೋಪಾಲದಾಸರ ಹುಟ್ಟೂರು.

ಹಳೆಯ ಗುಡಿಯಲ್ಲಿ ಆಟದ ಮನೆಗಳನ್ನು ಹುಡುಕುವವರು ತಲೆಯೆತ್ತಿ ನೋಡಿದರೆ ಸಾಲದು, ತಲೆ ಬಾಗಿಸಿ ನೋಡಬೇಕು. ಜನ ಕುಳಿತಲ್ಲಿ ಆಟವಿರುತ್ತದೆ: ಮುಖಮಂಟಪದ ಕಕ್ಷಾಸನ, ಹೊರಜಗಲಿ, ಬಾವಿಯ ಕಟ್ಟೆ, ಮರದ ನೆರಳು ಬೀಳುವ ಹಾಸುಬಂಡೆ. ನಡುಹಗಲಿನಲ್ಲಿ ಗೆರೆಗಳು ಬೆಳಕಿನಲ್ಲಿ ಕರಗಿಹೋಗುತ್ತವೆ. ಮುಂಜಾನೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಪ್ರತಿ ಗೆರೆಯಲ್ಲಿಯೂ ನೆರಳು ತುಂಬಿ, ಮನೆ ತಾನಾಗಿ ಎದ್ದು ಕಾಣುತ್ತದೆ.

ಕನ್ನಡನಾಡಿನ ಕಲ್ಲುಗಳ ಮೇಲೆ ಇಂಥ ಹೊತ್ತಿನಲ್ಲಿ ಕಾಣಸಿಗುವ ಮನೆಗಳಲ್ಲಿ ಸಾಲುಮನೆ ಒಂದು. ಒಂದರೊಳಗೊಂದು ಮೂರು ಚೌಕ, ಚೌಕಗಳ ನಡುಬದಿಗಳನ್ನು ಕೂಡಿಸುವ ನಾಲ್ಕು ಗೆರೆ. ಒಟ್ಟು ೨೪ ಸ್ಥಾನ. ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ. ಮೂರು ಕಾಯಿಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿದವನು ಎದುರಾಳಿಯ ಒಂದು ಕಾಯಿಯನ್ನು ಎತ್ತಿಕೊಳ್ಳುತ್ತಾನೆ. ಎರಡೇ ಕಾಯಿ ಉಳಿದವನು ಸೋತ. ತೆಲುಗರು ಇದನ್ನು ದಾಡಿ ಎನ್ನುತ್ತಾರೆ. ಅಲ್ಲಿ ಮೂಲೆಗೆರೆಗಳನ್ನೂ ಸೇರಿಸಿ, ಹೆಚ್ಚು ಕಾಯಿಗಳಿಂದ ಆಡುವ ಬಗೆಯೂ ಉಂಟು.

ಸೋಜಿಗವೇನೆಂದರೆ, ಈ ಮನೆಯನ್ನು ಇಂಗ್ಲೆಂಡಿನ ಹಳೆಯ ಇಗರ್ಜಿಗಳ ಕಲ್ಲಾಸನಗಳ ಮೇಲೆಯೂ ಕಾಣಬಹುದು. ಮಳೆಯ ಕೆಸರು ತುಂಬಿ ಈ ಆಟದ ಮನೆ ಮುಚ್ಚಿಹೋದುದನ್ನು ಶೇಕ್ಸ್‌ಪಿಯರ್ ತನ್ನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ಪ್ರಸ್ತಾಪಿಸಿದ್ದಾನೆ. ಈಜಿಪ್ಟಿನ ಕುರ್ನಾದ ದೇಗುಲದ ಛಾವಣಿಯ ಚಪ್ಪಡಿಗಳ ಮೇಲೂ ಇದು ಇದೆ. ಅದನ್ನು ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ್ದೆಂದು ಹಿಂದೆ ಹೇಳುತ್ತಿದ್ದರು. ಆದರೆ ಅದೇ ಚಪ್ಪಡಿಗಳ ಮೇಲೆ ಕ್ರೈಸ್ತರ ಶಿಲುಬೆಯ ಗುರುತುಗಳೂ ಇರುವುದರಿಂದ, ಗೆರೆಗಳು ಬಹಳ ಈಚಿನವಾಗಿರಬಹುದೆಂದು ವಿದ್ವಾಂಸರು ಸಂಶಯಪಟ್ಟಿದ್ದಾರೆ.

ಈ ಎಚ್ಚರ ನಮ್ಮ ಗುಡಿಗಳಿಗೂ ಸಲ್ಲುತ್ತದೆ. ಹನ್ನೆರಡನೆಯ ಶತಮಾನದ ಜಗಲಿಯ ಮೇಲಿದ್ದ ಮಾತ್ರಕ್ಕೆ ಆಟದ ಮನೆ ಹನ್ನೆರಡನೆಯ ಶತಮಾನದ್ದಾಗಲಾರದು. ನೂರು ವರ್ಷದ ಹಿಂದಿನ ದನಗಾಹಿಯೂ ಅದನ್ನು ಕೊರೆದಿರಬಹುದು. ಆದರೆ ಆಟದ ಮನೆಯಿರುವ ಕಲ್ಲು ಗೋಡೆಯಲ್ಲಿ ನೆಟ್ಟಗೆ ನಿಂತಿದ್ದರೆ? ನಿಂತ ಕಲ್ಲಿನ ಮೇಲೆ ಕಾಯಿ ನಿಲ್ಲದು. ಆ ಕಲ್ಲು ಎಂದೋ ನೆಲದಲ್ಲಿ ಮಲಗಿದ್ದಿರಬೇಕು; ಕಟ್ಟಡಕ್ಕೆ ಏರುವ ಮೊದಲು ಕಲ್ಲುಕುಟಿಗರು ಅದರ ಮೇಲೆ ಆಡಿರಬೇಕು, ಇಲ್ಲವೆ ಬೇರೊಂದು ಹಳೆಯ ಕಟ್ಟಡದಿಂದ ಅದನ್ನು ತಂದಿರಬೇಕು. ಹೀಗೆ ಒಂದು ಆಟದ ಗೆರೆಯೂ ಇತಿಹಾಸದ ಸಾಕ್ಷಿಯಾಗಬಲ್ಲದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ನೆಲಹಾಸಿನ ಮೇಲೆ ಸಿಮೆಂಟು ಸುರಿದು ನುಣುಪಾದ ಹೊಸ ಕಲ್ಲು ಜೋಡಿಸಿದಾಗ ಆ ಸಾಕ್ಷಿ ಶಾಶ್ವತವಾಗಿ ಮೂಕವಾಗುತ್ತದೆ. ಶಾಸನದ ಕಲ್ಲನ್ನಾದರೂ ಊರವರು ಎತ್ತಿ ಒಂದು ಬದಿಗೆ ನಿಲ್ಲಿಸುತ್ತಾರೆ. ಗೀಚಿದ ಗೆರೆಗೆ ಆ ಭಾಗ್ಯವೂ ಇಲ್ಲ.

ದಾಸರ ಊರಿನಲ್ಲಿ ಗುಳಿಮಣೆ

ಮಾನ್ವಿಯನ್ನು ಕನ್ನಡಿಗರು ನೆನೆಯುವುದು ಜಗನ್ನಾಥದಾಸರಿಂದ. ಇದೇ ತಾಲ್ಲೂಕಿನ ಬ್ಯಾಗವಾಟದಲ್ಲಿ ೧೭೨೮ರಲ್ಲಿ ಹುಟ್ಟಿ, ಮಾನ್ವಿಯಲ್ಲಿ ನೆಲೆಸಿ, ೧೮೦೯ರಲ್ಲಿ ಇಲ್ಲಿಯೇ ಕಣ್ಮರೆಯಾದ ಅವರು 'ಹರಿಕಥಾಮೃತಸಾರ'ವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದರು. ಅವರ ಮನೆ ಇಂದು ಯಾತ್ರಾಸ್ಥಳ. ತುಂಗಭದ್ರೆಯ ದಂಡೆಯ ಚೀಕಲಪರ್ವಿ ವಿಜಯದಾಸರ ಊರು. ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ ಈ ಭಾಗದ ಹೊಲಗಳು ಬತ್ತದ ಗದ್ದೆಗಳಾಗಿ, ರಾಯಚೂರಿನ ದಾರಿಯುದ್ದಕ್ಕೂ ಅಕ್ಕಿಯ ಗಿರಣಿಗಳು ಎದ್ದಿವೆ.

ಕೋಟೆಯಲ್ಲಿ ಕಾಣಸಿಗದ ಆಟಗಳನ್ನು ಇಂಥ ಊರಿನ ಓಣಿಗಳಲ್ಲಿ ವಿಚಾರಿಸಬೇಕು. ಅಳಿಗುಳಿ ಮಣೆ ಹೆಂಗಳೆಯರ ಆಟ. ಮರದ ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಗುಳಿಗೆ ಐದರಂತೆ ೭೦ ಹುಣಸೆಬೀಜ. ಮಣೆಯಿಲ್ಲದವರು ಮಣ್ಣಿನಲ್ಲಿ ಗುಳಿ ತೋಡುತ್ತಿದ್ದರು. ಬೀಜವಿಲ್ಲದವರು ಹರಳು, ಕವಡೆ, ಗುಲಗಂಜಿ ಹಾಕುತ್ತಿದ್ದರು. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಹಂಚಬೇಕು. ಮುಂದಿನ ಗುಳಿ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರ ಪಾಲು.

"ಯವ್ವಾ, ಮುಂದಿನ ಗುಳಿ ಖಾಲಿ ಐತಲ್ಲ, ಅದರ ಆಚೀದು ಬಳಕೋ. ಎಷ್ಟವ ಎಣಿಸಿ ಹೇಳು ನೋಡೂನು" ಎಂದು ಅಜ್ಜಿ ಹೇಳಿಕೊಟ್ಟಾಗ, "ಏಳ ಅದಾವಜ್ಜಿ" ಎಂದು ಮೊಮ್ಮಗಳು ಕುಣಿದಾಡುವುದು ಈ ಸೀಮೆಯ ಮನೆಗಳಲ್ಲಿ ಒಂದು ಕಾಲಕ್ಕೆ ನಿತ್ಯದ ನೋಟ. ಎಣಿಕೆಯ ಮೊದಲ ಪಾಠ ಮಕ್ಕಳಿಗೆ ದೊರೆಯುತ್ತಿದ್ದುದು ಇಲ್ಲಿಯೇ.

ಆ 'ಏಳು' ಬಾಯಿಗೆ ಬಂದ ಸಂಖ್ಯೆಯಲ್ಲ. ಮೇಲಿನ ನಿಯಮದಂತೆ, ಎಲ್ಲ ಗುಳಿಗಳಲ್ಲಿಯೂ ಐದೈದು ಬೀಜವಿಟ್ಟು ಯಾವುದೇ ಗುಳಿಯಿಂದ ಆಟ ಆರಂಭಿಸಿದರೂ ಮೊದಲ ಸರದಿಯಲ್ಲಿ ದಕ್ಕುವುದು ಸರಿಯಾಗಿ ಏಳು ಬೀಜ. ಓದುಗರು ಒಂದು ಹಿಡಿ ಹುಣಸೆಬೀಜ ತಂದು ಪರೀಕ್ಷಿಸಬಹುದು: ಕೈ ಐದು ಸಲ ತುಂಬಿ ಬರಿದಾಗುತ್ತದೆ, ಐದನೆಯ ಸಲ ಎದುರಿಗೆ ಬರಿಗುಳಿ, ಅದರಾಚೆ ಏಳು. ಆರಂಭದಲ್ಲಿ ಎಲ್ಲರೂ ಸಮಾನರು. ಎರಡನೆಯ ಸರದಿಯಿಂದಲೇ ಬುದ್ಧಿಯ ಪರೀಕ್ಷೆ; ಯಾವ ಗುಳಿ ಎತ್ತಿದರೆ ಹಂಚಿಕೆ ಎಲ್ಲಿ ನಿಲ್ಲುತ್ತದೆಂದು ಮನಸ್ಸಿನಲ್ಲೇ ಎಣಿಸಬಲ್ಲವಳು ಗೆಲ್ಲುತ್ತಾಳೆ. ಗುಳಿಯಲ್ಲಿ ನಾಲ್ಕು ಬೀಜ ಕೂಡಿದೊಡನೆ ಅದು ಆ ಗುಳಿಯ ಒಡತಿಗೆ ಸೇರಬೇಕೆಂಬ ನಿಯಮವನ್ನೂ ಕೆಲವು ಮನೆಗಳವರು ಇಟ್ಟುಕೊಳ್ಳುವುದುಂಟು. ಒಬ್ಬರೇ ಕುಳಿತು ಆಡುವ ಬಗೆಗೆ ಜನ ಸೀತೆಯ ಹೆಸರು ಸೇರಿಸಿದ್ದಾರೆ. ಅಶೋಕವನದಲ್ಲಿ ಆಕೆ ಹೀಗೆ ದಿನ ಕಳೆದಳೆಂಬ ನಂಬಿಕೆ ಅದರ ಹಿಂದಿದೆ. ಆಫ್ರಿಕದಲ್ಲಿ ಇದೇ ಕುಲದ ಆಟಗಳು ದೇಶದಿಂದ ದೇಶಕ್ಕೆ ಹಬ್ಬಿವೆ.

ಚೌಕಾಬಾರವಂತೂ ಮನೆಮಂದಿಗೆಲ್ಲ ಬೇಕಾದ ಆಟ. ಐದು ಸಾಲು, ಐದು ಕಂಬ, ೨೫ ಮನೆ. ನಾಲ್ಕು ಬದಿಯ ನಡುಮನೆಗಳಲ್ಲಿ ಅಡ್ಡಗೀಟಿನ ಗುರುತು. ನಾಲ್ವರಿಗೆ ನಾಲ್ಕು ನಾಲ್ಕು ಕಾಯಿ. ನಾಲ್ಕು ಕವಡೆ ಎಸೆದು, ಅಂಗಾತ ಬಿದ್ದವನ್ನು ಎಣಿಸಿ ಕಾಯಿ ನಡೆಸಬೇಕು. ನಾಲ್ಕೂ ಅಂಗಾತವಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಎರಡಕ್ಕೂ ಮತ್ತೊಂದು ಸರದಿ. ಕವಡೆಯ ಎರಡು ಮೈಗೂ ಸಮನಾದ ಅವಕಾಶವಿದೆಯೆಂದು ಭಾವಿಸಿದರೆ, ಹದಿನಾರರಲ್ಲಿ ಆರು ಸಲ ಬೀಳುವುದು ಎರಡು. ನಾಲ್ಕಾಗಲಿ ಎಂಟಾಗಲಿ ಬೀಳುವುದು ಹದಿನಾರಕ್ಕೊಂದು ಸಲ ಮಾತ್ರ. ಕವಡೆ ಸಿಗದ ಮನೆಗಳಲ್ಲಿ ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗೆ ತೇಯ್ದು ಬಿಳಿದು ಮಾಡಿಕೊಳ್ಳುವರು. ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊರಗಿನ ೧೬ ಮನೆ, ಒಳಗಿನ ೮ ಮನೆ, ನಡುವಿನ ಒಂದು - ಪ್ರತಿ ಕಾಯಿಯೂ ೨೫ ಮನೆಗಳನ್ನೂ ಮೆಟ್ಟಿಯೇ ಹಣ್ಣಾಗಬೇಕು.

ವೈಕುಂಠ ಏಕಾದಶಿಯ ಜಾಗರಣೆಗೆ ದಕ್ಷಿಣದ ಅನೇಕ ಮನೆಗಳಲ್ಲಿ ಪರಮಪದ ಸೋಪಾನಪಟವನ್ನು ಹರಡುವ ರೂಢಿಯುಂಟು. ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು, ತುದಿಯಲ್ಲಿ ವೈಕುಂಠ. ಉಪವಾಸದ ರಾತ್ರಿಯಲ್ಲಿ ನಿದ್ದೆ ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ಇದೇ ಆಟ ಪಶ್ಚಿಮಕ್ಕೆ ಹೋಗಿ, ಪಾಪಪುಣ್ಯಗಳನ್ನು ಕಳೆದುಕೊಂಡು, ಬರಿಯ ಹಾವು-ಏಣಿಯಾಗಿ ಹಿಂತಿರುಗಿತು.

ಊರು ಬಿಟ್ಟ ಆಟ

ಪಶ್ಚಿಮಕ್ಕೆ ಹೋಗಿ ಬಂದ ಆಟ ಅದೊಂದೇ ಅಲ್ಲ. ಅಕ್ಬರನು ಫತೇಪುರ ಸಿಕ್ರಿಯ ಅಂಗಳದಲ್ಲಿ ಆಡಿಸಿದನೆನ್ನುವ ಪಚ್ಚೀಸಿಯು ಚೌಕಾಬಾರದ ಹತ್ತಿರದ ನಂಟು. ಅದನ್ನೇ ಸರಳಗೊಳಿಸಿ, ಕವಡೆಯ ಬದಲು ದಾಳವನ್ನಿಟ್ಟು, ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟು ಪಡೆದರು. ೨೦೧೬ರಲ್ಲಿ ಅದು 'ಲೂಡೊ ಕಿಂಗ್' ಎಂಬ ಮೊಬೈಲ್ ಆಟವಾಯಿತು. ೨೦೨೦ರ ಲಾಕ್‌ಡೌನ್ ದಿನಗಳಲ್ಲಿ ಹಳ್ಳಿಹಳ್ಳಿಗಳ ಮನೆಗಳನ್ನು ಹೊಕ್ಕಿತು. ಗುರುತು ಸಿಗದಷ್ಟು ವೇಷ ಬದಲಿಸಿದ ಮಗ ತಾಯಿಯ ಮನೆಗೇ ಅತಿಥಿಯಾಗಿ ಬಂದಂತಾಯಿತು.

ಹೊಸ ಆಟಗಳನ್ನು ಹಳಿದು ಪ್ರಯೋಜನವಿಲ್ಲ. ಆಟವೆಂದ ಮೇಲೆ ಮಕ್ಕಳು ತಮ್ಮ ಕಾಲದ ಆಟವನ್ನೇ ಆಡುತ್ತಾರೆ. ಕಲಿಯಬೇಕಾದ ಪಾಠ ಬೇರೆಯೇ ಇದೆ. ಅಮೆರಿಕದ ಅಟಾರಿ ಸಂಸ್ಥೆಯ 'ಪಾಂಗ್' ಎಂಬ ವಿಡಿಯೊ ಗೇಮ್ ಹೊರಬಂದದ್ದು ೧೯೭೨ರಲ್ಲಿ. ಆಮೇಲೆ ನಾಲ್ಕು ದಶಕ ಕಳೆಯುವಷ್ಟರಲ್ಲಿ, ೨೦೧೨ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು 'ಪ್ಯಾಕ್‌ಮ್ಯಾನ್', 'ಟೆಟ್ರಿಸ್' ಮೊದಲಾದ ೧೪ ವಿಡಿಯೊ ಆಟಗಳನ್ನು ಚಿತ್ರ-ಶಿಲ್ಪಗಳ ಸಾಲಿಗೆ ಸೇರಿಸಿ ಕಾಪಿಡಲು ಮುಂದಾಯಿತು. ಹಳತಾದ ಆಟವನ್ನು ಹಳತೆಂದು ಎಸೆಯದೆ, ಮುಂದಿನವರಿಗಾಗಿ ಎತ್ತಿಡುವ ಬುದ್ಧಿ ಅವರದು. ಅವರ ವಿದ್ವಾಂಸರು ನಮ್ಮ ಕುಲದ ಆಟಗಳನ್ನೂ ಬಿಟ್ಟಿಲ್ಲ. ಸಾಲುಮನೆಯ ಒಂಬತ್ತು ಕಾಯಿಯ ಆಟದಲ್ಲಿ ಇಬ್ಬರೂ ತಪ್ಪದೆ ಆಡಿದರೆ ಯಾರೂ ಗೆಲ್ಲರೆಂದು ರಾಲ್ಫ್ ಗಾಸರ್ ೧೯೯೩ರಲ್ಲಿ ಕಂಪ್ಯೂಟರಿನಿಂದ ಸಿದ್ಧಪಡಿಸಿದನು. ಅಳಿಗುಳಿ ಮಣೆಯ ಆಫ್ರಿಕದ ಸೋದರನೊಂದನ್ನು ನೆದರ್ಲೆಂಡಿನ ಇಬ್ಬರು ವಿಜ್ಞಾನಿಗಳು ೨೦೦೨ರಲ್ಲಿ ಹಾಗೆಯೇ ಬಿಡಿಸಿದರು. ಅದಕ್ಕಾಗಿ ಕಂಪ್ಯೂಟರುಗಳು ಎಣಿಸಿದ ಸ್ಥಿತಿಗಳು ೮೮ ಸಾವಿರ ಕೋಟಿಗೂ ಹೆಚ್ಚು. ಅಜ್ಜಿಯರ ಕಾಲಹರಣದ ಮಣೆಯಲ್ಲಿ ಅಡಗಿದ ಗಣಿತ ಅಷ್ಟು ಆಳವಾದುದು.

ಕನ್ನಡನಾಡಿನಲ್ಲಿಯೂ ಇಂಥ ಯತ್ನ ಇಲ್ಲವೆನ್ನಲಾಗದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಲಗೆಯಾಟಗಳನ್ನೂ ಇಸ್ಪೀಟು ಬಗೆಯ ಆಟಗಳನ್ನೂ ಹೊಸದಾಗಿ ರೂಪಿಸಿ ಗ್ರಂಥಸ್ಥಗೊಳಿಸಿದರು. ಅದೇ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಹಳೆಯ ಆಟಗಳ ಮಣೆ-ಹಾಸುಗಳನ್ನು ಹೊಸದಾಗಿ ಮಾಡಿಸಿ ಜನರ ಕೈಗೆ ತಲುಪಿಸಿದೆ. ದೋಆಬಿನ ಊರುಗಳಲ್ಲಿ ಆಡುವ ನಿಯಮಗಳನ್ನೂ, ಆಟದ ನಡುವೆ ಆಡುವ ಮಾತುಗಳನ್ನೂ ಬರೆದಿಡುವ ಕೆಲಸ ಆ ಊರಿನವರಿಂದಲೇ ಆಗಬೇಕು. ಏಕೆಂದರೆ ನಿಯಮಗಳು ಊರಿಂದೂರಿಗೆ, ಓಣಿಯಿಂದ ಓಣಿಗೆ ಬೇರೆ. ಮೊಬೈಲಿನ ಆಟಕ್ಕೆ ಎಲ್ಲೆಡೆ ಒಂದೇ ಕಟ್ಟಳೆ. ಚೌಕಾಬಾರಕ್ಕೆ ಮನೆಗೊಂದು ಕಟ್ಟಳೆ. ಒಬ್ಬ ಅಜ್ಜಿ ತೀರಿಕೊಂಡಾಗ ಒಂದು ಬಗೆಯ ಆಟವೇ ತೀರಿಹೋಗುವುದುಂಟು. ಅದನ್ನು ಕಲ್ಲೂ ಕಾಪಾಡಲಾರದು. ಕಲ್ಲು ಮನೆಯನ್ನು ಉಳಿಸುತ್ತದೆ, ನಡೆಯನ್ನು ಉಳಿಸುವುದಿಲ್ಲ.

ಬಿತ್ತನೆಯಿಲ್ಲದ ತಿಂಗಳುಗಳಲ್ಲಿ ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರಿನಂಥ ನಗರಗಳಿಗೆ ಕೂಲಿಗಾಗಿ ಹೋಗುತ್ತವೆ. ಮುದುಕರು ಊರಿನಲ್ಲಿ ಉಳಿಯುತ್ತಾರೆ. ಎಳೆಯರು ಪರಸ್ಥಳದಲ್ಲಿ ಬೆಳೆಯುತ್ತಾರೆ. ಆಟ ಕಲಿಸುವ ಕೈಗೂ ಕಲಿಯುವ ಕೈಗೂ ನಡುವೆ ನೂರಾರು ಮೈಲಿ ಬಿದ್ದಾಗ ಕೊಂಡಿ ಕಳಚುತ್ತದೆ. ನಗರದ ಬಹುಮಹಡಿ ಮನೆಯಲ್ಲಿ ಬೆಳೆಯುವ ಮಗುವಿನ ಪಾಡೂ ಇದಕ್ಕಿಂತ ಬಹಳ ಭಿನ್ನವೇನಲ್ಲ.

ಹೀಗಿದ್ದರೂ ಈ ಆಟಗಳಿಗೆ ಒಂದು ಸೌಭಾಗ್ಯವಿದೆ. ಇವಕ್ಕೆ ಅಂಗಡಿ ಬೇಡ, ವಿದ್ಯುತ್ತು ಬೇಡ, ಹಣ ಬೇಡ. ಒಂದು ಸೀಮೆಸುಣ್ಣದ ತುಂಡು, ಹಿಡಿ ಹುಣಸೆಬೀಜ, ಎದುರಿಗೆ ಒಬ್ಬ ಜೊತೆಗಾರ - ಇಷ್ಟಾದರೆ ಸಾಕು. ಗೆರೆ ಎಳೆಯಬೇಕಾದದ್ದು ಮನೆಯ ನೆಲದ ಮೇಲೆ. ಸ್ಮಾರಕದ ಕಲ್ಲಿನ ಮೇಲಲ್ಲ. ಸಂರಕ್ಷಿತ ಸ್ಮಾರಕವನ್ನು ಗೀಚಿ ಕೆಡಿಸುವುದು ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ಹಿಂದಿನವರ ಗೆರೆಯನ್ನು ನೋಡಿ, ಕಾಗದದ ಮೇಲೆ ಬರೆದುಕೊಂಡು, ಮನೆಗೆ ಬಂದು ಆಡುವುದೇ ಅದಕ್ಕೆ ಸಲ್ಲಿಸಬಹುದಾದ ಮರ್ಯಾದೆ.

ರಾಯಚೂರು ಸೀಮೆಯ ಪ್ರವಾಸಕ್ಕೆ ಕಾರ್ತಿಕದಿಂದ ಮಾಘದವರೆಗಿನ ಕಾಲ ಹಿತಕರ. ಬೇಸಗೆಯಲ್ಲಿ ಬಂಡೆಗಳು ಕೆಂಡವಾಗುತ್ತವೆ. ಕೋಟೆಗೆ ಒಂದು ಬೆಳಗು, ದೇವದುರ್ಗದ ದಾರಿಗೆ ಒಂದು ದಿನ, ಮಾನ್ವಿಗೆ ಮತ್ತೊಂದು ದಿನವನ್ನು ಮೀಸಲಿಟ್ಟರೆ ಸಾವಧಾನವಾಗಿ ನೋಡಿ ಬರಬಹುದು. ಗುಡಿಯ ಜಗಲಿಯಲ್ಲಿ ಹಿರಿಯರಾರಾದರೂ ಕುಳಿತಿದ್ದರೆ, ದಾರಿ ಕೇಳ ಹೋದವರು ಆಟವನ್ನೂ ಕೇಳಲಿ. ಬಿಡುವಾಗಿದ್ದವರು ಬಾಯಿಂದ ಹೇಳಿ ಮುಗಿಸುವುದಿಲ್ಲ. ಕೈಗೆ ಸಿಕ್ಕ ಇದ್ದಿಲ ಚೂರಿನಿಂದ ಗೆರೆ ಎಳೆದು, ನಾಲ್ಕು ಹರಳು ಆಯ್ದು, ಎದುರಿಗೆ ಕೂರಿಸಿಕೊಳ್ಳುತ್ತಾರೆ.